ರೋರಿ ಗ್ಯಾಲಹರ್ ಬೆಲ್‌ಫಾಸ್ಟಿಗೆ ಹೋಗುತ್ತಿದ್ದರು



ನಮ್ಮ ಯುವಜನರ ಸಭೆಯಲ್ಲಿ ಒಂದು ಮಾತು ಈಗ ಎರಡು ಸಲ ಬಂದಿದೆ. ಗಾನವೃಂದವನ್ನು ಎರಡು ಮಾಡಬೇಕು, ಕನ್ನಡದಲ್ಲಿ ಹಾಡುವವರು ಬೇರೆ, ತಮಿಳಿನಲ್ಲಿ ಹಾಡುವವರು ಬೇರೆ. ಒಂದು ಭಾನುವಾರ ಅವರು, ಒಂದು ಭಾನುವಾರ ಇವರು. ಹಬ್ಬದ ದಿನ ಯಾರ ಹಾಡು ಎಷ್ಟು ಅನ್ನುವ ಲೆಕ್ಕದಿಂದ ಶುರುವಾದ ಮುನಿಸು ಇದು, ಎಲ್ಲರಿಗೂ ಗೊತ್ತು. ಅದರ ಹಿಂದೆಯೇ ಇನ್ನೊಂದು ಸಲಹೆ ಬಂತು: ಮುಂದಿನ ಹಬ್ಬಕ್ಕೆ ಜಗಳವೇ ಬೇಡ, ಹೊರಗಿನಿಂದ ಒಂದು ಆರ್ಕೆಸ್ಟ್ರಾ ಕರೆಸಿಬಿಡೋಣ. ನನಗೆ ಎರಡೂ ಒಪ್ಪಿಗೆ ಇಲ್ಲ. ಯಾಕೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ, ಅದಕ್ಕೆ ಒಬ್ಬ ಗಿಟಾರ್ ವಾದಕರ ಬದುಕನ್ನು ಆಧಾರವಾಗಿ ಹಿಡಿದಿದ್ದೇನೆ. ಹೆಸರು ರೋರಿ ಗ್ಯಾಲಹರ್. ಇಂಗ್ಲಿಷಿನಲ್ಲಿ ಬರೆದಾಗ ನಡುವೆ ಇನ್ನೊಂದು 'ಜಿ' ಬರುತ್ತದೆ, ಅವರ ಊರಿನವರು ಅದನ್ನು ಉಚ್ಚರಿಸುವುದಿಲ್ಲ. ಐರ್ಲೆಂಡಿನವರು, ಕಥೋಲಿಕ ಮನೆಯ ಮಗ, ಬ್ಲೂಸ್-ರಾಕ್ ನುಡಿಸಿದವರು. 1995ರಲ್ಲಿ, 47ನೇ ವಯಸ್ಸಿಗೆ ತೀರಿಕೊಂಡರು.

"ನಮಗೂ ಐರ್ಲೆಂಡಿಗೂ ಏನು ಸಂಬಂಧ ಅಣ್ಣ?" ಎಂದು ಚಿಕ್ಕವರು ಕೇಳುತ್ತಾರೆ. ಸ್ವಲ್ಪ ತಾಳ್ಮೆಯಿಂದ ಓದಿ.

ರೋರಿ ಹುಟ್ಟಿದ್ದು 1948ರ ಮಾರ್ಚ್ 2ರಂದು, ಡೊನೆಗಾಲ್ ಜಿಲ್ಲೆಯ ಬಾಲಿಶಾನನ್ ಎಂಬ ಸಣ್ಣ ಪಟ್ಟಣದಲ್ಲಿ. ಎರ್ನ್ ಎಂಬ ನದಿಗೆ ಅಲ್ಲಿ ಅಣೆಕಟ್ಟು ಕಟ್ಟಿ ಜಲವಿದ್ಯುತ್ ಕೇಂದ್ರ ಮಾಡುತ್ತಿದ್ದರು. ತಂದೆ ಡೇನಿಯಲ್ ವಿದ್ಯುತ್ ಮಂಡಳಿಯ ಆ ಕೆಲಸಕ್ಕಾಗಿ ಬಂದವರು, ಅಕಾರ್ಡಿಯನ್ ನುಡಿಸುತ್ತಿದ್ದರು. ತಾಯಿ ಮೋನಿಕಾ ಊರ ನಾಟಕದಲ್ಲಿ ಪಾತ್ರ ಮಾಡುತ್ತಿದ್ದರು, ಹಾಡುತ್ತಿದ್ದರು. ಊರೇನೋ ಐರ್ಲೆಂಡ್ ಗಣರಾಜ್ಯಕ್ಕೆ ಸೇರಿದ್ದು, ಆದರೆ ಗಡಿಗೆ ಅಂಟಿಕೊಂಡ ಊರು. ಆ ಗಡಿಯ ಆಚೆಗೆ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್. ಕುಟುಂಬ ಸ್ವಲ್ಪ ದಿನದಲ್ಲೇ ಆಚೆಯ ಡೆರ‍್ರಿ ಪಟ್ಟಣಕ್ಕೆ ಹೋಯಿತು, ತಮ್ಮ ಡೋನಲ್ ಹುಟ್ಟಿದ್ದು ಅಲ್ಲಿ. ಆಮೇಲೆ ತಾಯಿ ಮಕ್ಕಳನ್ನು ಕರೆದುಕೊಂಡು ತನ್ನ ಕಡೆಯ ದಕ್ಷಿಣದ ಕಾರ್ಕ್ ನಗರಕ್ಕೆ ಬಂದರು. ಅಂದರೆ ಹತ್ತು ವರ್ಷ ತುಂಬುವ ಮೊದಲೇ ಆ ಹುಡುಗ ಗಡಿಯ ಎರಡೂ ಕಡೆಯ ನೀರು ಕುಡಿದಿದ್ದ.

ಗಡಿಯ ಊರು ಅಂದರೆ ಏನು ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. 1956ರಲ್ಲಿ ಭಾಷೆಯ ಪ್ರಕಾರ ರಾಜ್ಯಗಳನ್ನು ಹಂಚಿದಾಗ ಹೊಸೂರು ಸೀಮೆ ಸೇಲಂ ಜಿಲ್ಲೆಯ ಭಾಗವಾಗಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಆಮೇಲೆ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ. ಜಿಲ್ಲೆಯ ಹೆಸರು ಬದಲಾಗುತ್ತಾ ಬಂತು, ನಮ್ಮ ಮಾತು ಬದಲಾಗಲಿಲ್ಲ. ಉದ್ದನಪಲ್ಲಿಯ ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತರೆ ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ರಾಯಕೋಟೆ ಮಂಡಿಯಲ್ಲಿ ಟೊಮ್ಯಾಟೊ ರೇಟು ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಚೌಕಾಸಿ ಮಾಡುವುದು ನಮಗೆ ವಿಶೇಷವೇ ಅಲ್ಲ. ದೇವಾಲಯದೊಳಗೆ ಬಂದ ತಕ್ಷಣ ಮಾತ್ರ ಯಾಕೆ ಲೆಕ್ಕ ಹಾಕುತ್ತೇವೆ?

ಸರಿ, ರೋರಿಯ ಕಡೆಗೆ ಬರೋಣ. ಡೆರ‍್ರಿಯಲ್ಲಿ ಆಗ ಅಮೆರಿಕದ ನೌಕಾಪಡೆಯ ನೆಲೆ ಇತ್ತು. ಅಮೆರಿಕದ ಸೈನಿಕರಿಗಾಗಿ ನಡೆಯುತ್ತಿದ್ದ ರೇಡಿಯೊ ಕಾರ್ಯಕ್ರಮಗಳು ಆ ಊರಿನ ಮನೆಗಳಿಗೂ ಕೇಳುತ್ತಿದ್ದವು. ಆ ಮಗು ಬ್ಲೂಸ್ ಕೇಳಿದ್ದು ಹಾಗೆ. ಬ್ಲೂಸ್ ಅಂದರೆ ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪಿಯಂಥ ಕಡೆ, ಹತ್ತಿ ಹೊಲಗಳಲ್ಲಿ ದುಡಿದ ಕರಿಯ ಜನರ ಹಾಡು. ಗುಲಾಮಗಿರಿ ಕಾನೂನಿನಲ್ಲಿ ಮುಗಿದಿತ್ತು, ಬಾಳಿನಲ್ಲಿ ಮುಗಿದಿರಲಿಲ್ಲ. ಶನಿವಾರ ರಾತ್ರಿ ಬ್ಲೂಸ್ ಹಾಡಿದ ಅದೇ ಕಂಠ ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಹಾಡುತ್ತಿತ್ತು. ಮಡ್ಡಿ ವಾಟರ್ಸ್ ಅಂಥವರು ಹೊಲ ಬಿಟ್ಟು 1943ರಲ್ಲಿ ಚಿಕಾಗೊಗೆ ಹೋಗಿ, ನಗರದ ಗದ್ದಲದಲ್ಲಿ ಕೇಳಿಸಬೇಕೆಂದು ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಹಳ್ಳಿ ಬಿಟ್ಟು ಫ್ಯಾಕ್ಟರಿ ಊರಿಗೆ ಹೋದವರ ಸಂಗೀತ ಅದು. ಹೊಸೂರಿಗೂ ಬೆಂಗಳೂರಿಗೂ ಶಿಫ್ಟ್ ವ್ಯಾನ್ ಹತ್ತುವ ನಮ್ಮ ಹುಡುಗ ಹುಡುಗಿಯರಿಗೆ ಅದು ತೀರಾ ದೂರದ್ದು ಅನ್ನಿಸಬಾರದು.

ಬ್ಲೂಸಿನ ಬಗ್ಗೆ ಹೆದರುವವರಿಗೆ ಒಂದು ವಿಷಯ. ಅದರ ಸಾಮಾನ್ಯ ಕಟ್ಟು ಹನ್ನೆರಡು ಬಾರಿನದು, ಮೂರೇ ಕಾರ್ಡ್: ಇ, ಎ, ಬಿ. ನಮ್ಮ ಗಾನವೃಂದದ ಅರ್ಧ ಹಾಡುಗಳೂ ಮೂರು ಕಾರ್ಡಿನವೇ. ವ್ಯತ್ಯಾಸ ಇರುವುದು ಬೆರಳಿನಲ್ಲಿ. ಬ್ಲೂಸ್ ನುಡಿಸುವವರು ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆಯುತ್ತಾರೆ. ಬಿಗಿ ಹೆಚ್ಚಾದಾಗ ಸ್ವರ ಮೇಲಕ್ಕೆ ಜಾರುತ್ತದೆ, ಎರಡು ಸ್ವರಗಳ ನಡುವಿನ ಜಾಗದಲ್ಲಿ ನಿಂತು ನಡುಗುತ್ತದೆ. ವೀಣೆಯಲ್ಲಿ ಗಮಕ ಕೇಳಿದ ಕಿವಿಗೆ ಇದು ಹೊಸದೇನಲ್ಲ. ಕೀಬೋರ್ಡಿನಲ್ಲಿ ರೆಡಿಮೇಡ್ ರಿದಂ ಹಾಕಿ ಹಾಡುವ ಅಭ್ಯಾಸ ಬಂದ ಮೇಲೆ ನಾವು ಕಳೆದುಕೊಂಡಿರುವುದು ಇದೇ ಅಂತ ನನ್ನ ಅನಿಸಿಕೆ. ಕೀಬೋರ್ಡ್ ನುಡಿಸುವ ಅಣ್ಣಂದಿರು ಬೇಜಾರು ಮಾಡಿಕೊಳ್ಳಬೇಡಿ.

ಒಂಬತ್ತನೇ ವಯಸ್ಸಿಗೆ ಮನೆಯವರು ರೋರಿಗೆ ಒಂದು ಸಾದಾ ಗಿಟಾರ್ ಕೊಡಿಸಿದರು. ಹುಡುಗ ತಾನೇ ಕಲಿತ. 1963ರಲ್ಲಿ, 15ನೇ ವಯಸ್ಸಿನಲ್ಲಿ, ಕಾರ್ಕ್‌ನ ಕ್ರೌಲಿ ಎಂಬುವರ ಸಂಗೀತ ವಾದ್ಯಗಳ ಅಂಗಡಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ನೋಡಿದ, 1961ರ ಮಾಡೆಲ್. ಷೋಬ್ಯಾಂಡಿನ ಗಿಟಾರ್ ವಾದಕರೊಬ್ಬರು ಕೆಂಪು ಬಣ್ಣದ್ದು ಬೇಕೆಂದು ಆರ್ಡರ್ ಮಾಡಿದ್ದರಂತೆ, ಬಂದದ್ದು ಕಂದು-ಹಳದಿಯ ಸನ್‌ಬರ್ಸ್ಟ್. ಕೆಂಪು ಬಂದ ಮೇಲೆ ಇದನ್ನು ಮಾರಿಬಿಟ್ಟರು. ಬೆಲೆ ಸುಮಾರು 100 ಪೌಂಡ್. ಸಾಧಾರಣ ಮನೆಯ ಹುಡುಗನಿಗೆ ಅದು ಆಗದ ಮಾತು. ರೋರಿ ಕಂತಿನ ಮೇಲೆ ತೆಗೆದುಕೊಂಡ. ಸಾಲ ಅಂತ ತಾಯಿಗೆ ಚಿಂತೆ. ಇದೊಂದಿದ್ದರೆ ರಿದಂ, ಲೀಡ್ ಎರಡನ್ನೂ ನಾನೇ ನುಡಿಸುತ್ತೇನೆ, ಇನ್ನೊಬ್ಬ ಗಿಟಾರಿನವನು ಬೇಡ, ಆದ್ದರಿಂದ ಕಂತು ಬೇಗ ತೀರುತ್ತದೆ ಅನ್ನುವುದು ಮಗನ ವಾದ. ಬೈಕಿಗೆ ಮನೆಯಲ್ಲಿ ಒಪ್ಪಿಸುವಾಗ ನಾವು ಹೇಳುವ ಲೆಕ್ಕಗಳಂತೆಯೇ ಇದೆ. ಒಂದೇ ವ್ಯತ್ಯಾಸ, ಅವನು ಹೇಳಿದಂತೆ ಮಾಡಿದ.

ಆ ಕಂತು ಕಟ್ಟಲು ಸೇರಿದ್ದು ಫಾಂಟಾನಾ ಎಂಬ ಷೋಬ್ಯಾಂಡಿಗೆ. ಷೋಬ್ಯಾಂಡ್ ಅಂದರೆ ನಮ್ಮ ಲೈಟ್ ಮ್ಯೂಸಿಕ್ ಆರ್ಕೆಸ್ಟ್ರಾ ಇದ್ದ ಹಾಗೆ. ಎಲ್ಲರೂ ಒಂದೇ ತರಹದ ಸೂಟು ಹಾಕಿಕೊಂಡು, ಆ ವಾರ ಜನ ಇಷ್ಟಪಡುವ ಹಾಡುಗಳನ್ನು ಇದ್ದ ಹಾಗೇ ನುಡಿಸುವುದು. ಒಂದು ಸ್ವಾರಸ್ಯ ಗೊತ್ತಾ? ಆಗಿನ ಐರ್ಲೆಂಡಿನಲ್ಲಿ ತಪಸ್ಸುಕಾಲ ಬಂದರೆ ಡ್ಯಾನ್ಸ್ ಹಾಲುಗಳಿಗೆ ಬೀಗ. ನಲವತ್ತು ದಿನ ಸಂಪಾದನೆ ಇಲ್ಲ. ಅದಕ್ಕೆ ಷೋಬ್ಯಾಂಡಿನವರು ಆ ದಿನಗಳಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿರುವ ಐರಿಷ್ ಕೂಲಿಕಾರರಿಗೆ ನುಡಿಸುತ್ತಿದ್ದರು. ರೋರಿಯೂ ಹಾಗೆ ಹೋಗಿ ಬಂದವರೇ. ಆದರೆ ಬೇರೆಯವರ ಹಾಡನ್ನು ಸೂಟು ಹಾಕಿಕೊಂಡು ನುಡಿಸುವುದು ಅವರ ಮನಸ್ಸಿಗೆ ಹಿಡಿಸಲಿಲ್ಲ. 1966ರಲ್ಲಿ ಟೇಸ್ಟ್ ಎಂಬ ಮೂರು ಜನರ ತಂಡ ಕಟ್ಟಿದರು.

ಟೇಸ್ಟ್ ಬೆಳೆದದ್ದು ಬೆಲ್‌ಫಾಸ್ಟ್‌ನಲ್ಲಿ. ಕಾರ್ಕ್‌ನಿಂದ ಹೋದ ರೋರಿಯ ಜೊತೆಗೆ 1968ರಲ್ಲಿ ಉತ್ತರ ಐರ್ಲೆಂಡಿನ ಇಬ್ಬರು ಸೇರಿದರು, ಬೇಸ್ ಗಿಟಾರಿಗೆ ರಿಚರ್ಡ್ ಮೆಕ್ರ್ಯಾಕನ್, ಡ್ರಮ್ಸಿಗೆ ಜಾನ್ ವಿಲ್ಸನ್. ಆ ವರ್ಷದ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಎರಿಕ್ ಕ್ಲಾಪ್ಟನ್ ಇದ್ದ ಕ್ರೀಮ್ ತಂಡದ ವಿದಾಯ ಕಛೇರಿಗೆ ಮುಂಚೆ ನುಡಿಸಿದವರಲ್ಲಿ ಇವರೂ ಇದ್ದರು. 1970ರಲ್ಲಿ ಐಲ್ ಆಫ್ ವೈಟ್ ಉತ್ಸವದ ದೊಡ್ಡ ವೇದಿಕೆ, ಅದೇ ವರ್ಷ ತಂಡ ಒಡೆಯಿತು. 1971ರಿಂದ ರೋರಿ ಸ್ವಂತ ಹೆಸರಿನಲ್ಲಿ ನುಡಿಸಿದರು. ಬೆಲ್‌ಫಾಸ್ಟ್‌ನ ಗೆರಿ ಮೆಕವೋಯ್ ಇಪ್ಪತ್ತು ವರ್ಷ ಅವರ ಪಕ್ಕದಲ್ಲಿ ಬೇಸ್ ನುಡಿಸಿದರು, ತಮ್ಮ ಡೋನಲ್ ಮ್ಯಾನೇಜರ್ ಆಗಿ ಕೊನೆಯವರೆಗೂ ಜೊತೆಗಿದ್ದರು. ಆಲ್ಬಂಗಳ ಪಟ್ಟಿ ಇಲ್ಲಿ ಬೇಡ, ಹುಡುಕಿದರೆ ಸಿಗುತ್ತದೆ.

ನಾನು ಹೇಳಬೇಕೆಂದಿರುವುದು ಬೆಲ್‌ಫಾಸ್ಟಿನ ವಿಷಯ.

ಉತ್ತರ ಐರ್ಲೆಂಡಿನಲ್ಲಿ 1960ರ ದಶಕದ ಕೊನೆಯಿಂದ 1998ರ ಗುಡ್ ಫ್ರೈಡೇ ಒಪ್ಪಂದದವರೆಗೆ ಸುಮಾರು ಮೂವತ್ತು ವರ್ಷ ರಕ್ತ ಹರಿಯಿತು. ಒಂದು ಕಡೆ ಐರ್ಲೆಂಡ್ ಒಂದಾಗಬೇಕು ಅನ್ನುವವರು, ಹೆಚ್ಚಿನವರು ಕಥೋಲಿಕರು. ಇನ್ನೊಂದು ಕಡೆ ಬ್ರಿಟನ್ನಿನ ಜೊತೆಗೇ ಇರಬೇಕು ಅನ್ನುವವರು, ಹೆಚ್ಚಿನವರು ಪ್ರಾಟೆಸ್ಟಂಟರು. ನಡುವೆ ಬ್ರಿಟಿಷ್ ಸೈನ್ಯ. ಸತ್ತವರು 3,500ಕ್ಕೂ ಹೆಚ್ಚು. ಎಲ್ಲರೂ ಒಬ್ಬನೇ ಯೇಸುವಿಗೆ ಪ್ರಾರ್ಥಿಸುವವರು, ಇದನ್ನು ಬರೆಯುವಾಗ ಕೈ ಸ್ವಲ್ಪ ನಿಲ್ಲುತ್ತದೆ. ಬೀದಿ ಬೇರೆ, ಶಾಲೆ ಬೇರೆ, ಹೋಟೆಲ್ ಬೇರೆ. ಯಾರ ಹೆಸರು ಕೇಳಿದರೂ ಯಾವ ಕಡೆಯವನು ಎಂದು ಗೊತ್ತಾಗುತ್ತಿತ್ತು. ಹೊರಗಿನ ಕಲಾವಿದರು ಬೆಲ್‌ಫಾಸ್ಟಿಗೆ ಬರುವುದನ್ನೇ ಬಿಟ್ಟರು. ಬಾಂಬ್ ಬೀಳುವ ಊರಿಗೆ ಯಾರು ಬರುತ್ತಾರೆ, ಇನ್ಶೂರೆನ್ಸ್ ಯಾರು ಕೊಡುತ್ತಾರೆ?

ರೋರಿ ಹೋಗುತ್ತಿದ್ದರು. ಪ್ರತಿ ವರ್ಷ ಐರ್ಲೆಂಡ್ ಪ್ರವಾಸ ಮಾಡುವಾಗ ಡಬ್ಲಿನ್, ಕಾರ್ಕ್ ಜೊತೆಗೆ ಬೆಲ್‌ಫಾಸ್ಟ್‌ನ ಅಲ್ಸ್ಟರ್ ಹಾಲ್ ಕೂಡ ಪಟ್ಟಿಯಲ್ಲಿ ಇರುತ್ತಿತ್ತು. 1973ರ ಕೊನೆ ಮತ್ತು 1974ರ ಆರಂಭದಲ್ಲಿ ನಡೆದ ಅಂಥ ಪ್ರವಾಸವೇ ಐರಿಷ್ ಟೂರ್ '74 ಎಂಬ ಆಲ್ಬಂ ಆಯಿತು, ಟೋನಿ ಪಾಮರ್ ಅದನ್ನು ಸಿನಿಮಾ ಮಾಡಿದರು. ಹೊರಗೆ ಸೈನಿಕರ ಗಾಡಿಗಳು, ಒಳಗೆ ಬೆವರಿನಲ್ಲಿ ತೊಯ್ದ ಹುಡುಗರ ಗುಂಪು. ಆ ಗುಂಪಿನಲ್ಲಿ ಯಾವ ಬೀದಿಯವರು ಯಾರು ಅಂತ ಯಾರೂ ವಿಂಗಡಿಸಿರಲಿಲ್ಲ. ಎರಡು ಕಡೆಯ ಮಕ್ಕಳೂ ಪಕ್ಕ ಪಕ್ಕ ನಿಂತಿದ್ದರು. ಎರಡು ಗಂಟೆ ಹೊತ್ತು ಅಷ್ಟೇ, ಆಮೇಲೆ ಅವರವರ ಬೀದಿಗೆ ವಾಪಸ್. ಅದರಿಂದ ಯುದ್ಧವೇನೂ ನಿಲ್ಲಲಿಲ್ಲ, ನಾನು ಹಾಗೆ ಹೇಳಿದರೆ ಸುಳ್ಳು. ಆದರೆ ಆ ಊರಿನ ಹುಡುಗರಿಗೆ ಎರಡು ಗಂಟೆ ಒಟ್ಟಿಗೆ ನಿಲ್ಲಲು ಬೇರೆ ಜಾಗ ಎಲ್ಲಿತ್ತು?

ಇದರಲ್ಲಿ ಅಪಾಯ ಇರಲಿಲ್ಲ ಎಂದುಕೊಳ್ಳಬೇಡಿ. 1975ರ ಜುಲೈ 31ರಂದು ಮಯಾಮಿ ಷೋಬ್ಯಾಂಡ್ ಎಂಬ ತಂಡ ಉತ್ತರದಲ್ಲಿ ಕಾರ್ಯಕ್ರಮ ಮುಗಿಸಿ ರಾತ್ರಿ ಡಬ್ಲಿನ್ನಿಗೆ ವಾಪಸ್ ಬರುತ್ತಿತ್ತು. ಕಥೋಲಿಕರು, ಪ್ರಾಟೆಸ್ಟಂಟರು ಇಬ್ಬರೂ ಇದ್ದ ತಂಡ. ಸೈನಿಕರ ಸಮವಸ್ತ್ರ ಹಾಕಿದವರು ವ್ಯಾನ್ ನಿಲ್ಲಿಸಿದರು. ಮೂವರು ಸಂಗೀತಗಾರರನ್ನು ಕೊಂದರು. ಅದಾದ ಮೇಲೂ ರೋರಿ ಬೆಲ್‌ಫಾಸ್ಟಿಗೆ ಹೋಗುವುದನ್ನು ಬಿಡಲಿಲ್ಲ. ವೇದಿಕೆಯ ಮೇಲೆ ಭಾಷಣ ಮಾಡಲಿಲ್ಲ, ಬಾವುಟ ಹಿಡಿಯಲಿಲ್ಲ. ಚೌಕುಳಿ ಅಂಗಿ, ಜೀನ್ಸ್, ಬಣ್ಣ ಹೋದ ಗಿಟಾರ್. ಬಂದರು, ನುಡಿಸಿದರು, ಮುಂದಿನ ವರ್ಷ ಮತ್ತೆ ಬಂದರು.

ಆ ಗಿಟಾರಿನ ಬಣ್ಣದ ವಿಷಯ ಬಂತಲ್ಲ, ಬಿಎಸ್‌ಸಿ ಕೆಮಿಸ್ಟ್ರಿ ಓದಿದವನಾಗಿ ಸುಮ್ಮನಿರಲಾರೆ. ಫೋಟೋ ನೋಡಿದರೆ ಆ ಸ್ಟ್ರಾಟೊಕ್ಯಾಸ್ಟರ್ ಮೈಯಲ್ಲಿ ಬಣ್ಣವೇ ಇಲ್ಲ, ಬರಿ ಮರ ಕಾಣುತ್ತದೆ. ರೋರಿಯ ರಕ್ತದ ಗುಂಪು ಅಪರೂಪದ್ದು, ಅದಕ್ಕೇ ಅವರ ಬೆವರು ಆಸಿಡ್ ತರಹ ಎಂದು ಅಭಿಮಾನಿಗಳು ಹೇಳುತ್ತಾರೆ. ನನಗೆ ನಂಬಿಕೆ ಇಲ್ಲ. ಆಗಿನ ಗಿಟಾರುಗಳಿಗೆ ಹೊಡೆಯುತ್ತಿದ್ದುದು ನೈಟ್ರೊಸೆಲ್ಯುಲೋಸ್ ಲ್ಯಾಕರ್, ತೆಳುವಾದ ಲೇಪ. ಬೆವರಿನಲ್ಲಿ ಉಪ್ಪು, ಲ್ಯಾಕ್ಟಿಕ್ ಆಸಿಡ್ ಎಲ್ಲರಿಗೂ ಇರುತ್ತದೆ. ರಾತ್ರಿ ರಾತ್ರಿ ಎರಡು ಮೂರು ಗಂಟೆ ಹಾಗೆ, ಮೂವತ್ತು ವರ್ಷ ನುಡಿಸಿದರೆ ಯಾರ ಗಿಟಾರಿನ ಬಣ್ಣವೂ ಉಳಿಯುವುದಿಲ್ಲ. ಒಂದು ಸಲ ಡಬ್ಲಿನ್ನಿನಲ್ಲಿ ಅದು ಕಳವಾಗಿ, ಹೊರಗೆ ಮಳೆಯಲ್ಲಿ ಬಿದ್ದಿದ್ದು ಆಮೇಲೆ ಸಿಕ್ಕಿತು, ಅದೂ ಒಂದು ಕಾರಣ. ಪವಾಡ ಹುಡುಕುವ ನಮ್ಮ ಅಭ್ಯಾಸ ಗಿಟಾರನ್ನೂ ಬಿಡುವುದಿಲ್ಲ.

ದೊಡ್ಡವರು ಕರೆದಾಗ ರೋರಿ ಏನು ಮಾಡಿದರು ಅನ್ನುವುದನ್ನೂ ನೋಡಬೇಕು. ಬಾಲ್ಯದಲ್ಲಿ ರೇಡಿಯೊದಲ್ಲಿ ಕೇಳಿದ ಮಡ್ಡಿ ವಾಟರ್ಸ್ ಲಂಡನ್ನಿನಲ್ಲಿ ರೆಕಾರ್ಡಿಂಗ್ ಮಾಡಲು ಬಂದಾಗ ರೋರಿ ಹೋಗಿ ಅವರ ಪಕ್ಕದಲ್ಲಿ ಕುಳಿತು ನುಡಿಸಿದರು, 1972ರಲ್ಲಿ ಅದು ಬಂತು. ಜೆರಿ ಲೀ ಲೂಯಿಸ್, ಆಲ್ಬರ್ಟ್ ಕಿಂಗ್ ಇವರ ಜೊತೆಗೂ ನುಡಿಸಿದರು. ಹಿರಿಯರ ಹಿಂದೆ ನಿಂತು ನುಡಿಸಲು ಒಂದು ಕ್ಷಣವೂ ಯೋಚಿಸಲಿಲ್ಲ. 1975ರ ಜನವರಿಯಲ್ಲಿ ರೋಲಿಂಗ್ ಸ್ಟೋನ್ಸ್ ತಂಡದಲ್ಲಿ ಗಿಟಾರಿನ ಜಾಗ ಖಾಲಿಯಾಗಿತ್ತು, ರೋಟರ್‌ಡ್ಯಾಮ್‌ಗೆ ಕರೆಸಿಕೊಂಡರು. ಕೆಲವು ದಿನ ಅವರ ಜೊತೆ ನುಡಿಸಿದರು. ಅದೇ ಹೊತ್ತಿಗೆ ಜಪಾನಿನಲ್ಲಿ ಅವರ ಸ್ವಂತ ಕಾರ್ಯಕ್ರಮಗಳು ನಿಗದಿಯಾಗಿದ್ದವು. ಒಪ್ಪಿಕೊಂಡ ಕಾರ್ಯಕ್ರಮಕ್ಕೆ ಹೊರಟುಹೋದರು. ರೆಕಾರ್ಡ್ ಕಂಪನಿಗಳು ಸಿಂಗಲ್ ಬಿಡೋಣ, ರೇಡಿಯೊದಲ್ಲಿ ಹಿಟ್ ಆಗುತ್ತದೆ ಎಂದರೆ ಅದಕ್ಕೂ ಒಪ್ಪುತ್ತಿರಲಿಲ್ಲ. ಇದು ಮೊಂಡುತನ ಅನ್ನುವವರಿದ್ದಾರೆ. ಸ್ವಲ್ಪ ಮಟ್ಟಿಗೆ ಹೌದು ಅಂತ ನನಗೂ ಅನ್ನಿಸುತ್ತದೆ. ಒಂದು ಹಿಟ್ ಹಾಡಿದ್ದರೆ ಇಂದು ನಾನು ಇಷ್ಟು ಪರಿಚಯ ಬರೆಯಬೇಕಾಗಿರಲಿಲ್ಲ.

ಅವರನ್ನು ಸಂತ ಮಾಡಲು ನಾನು ಹೊರಟಿಲ್ಲ. ಮದುವೆಯಾಗಲಿಲ್ಲ, ವರ್ಷದ ಬಹುಪಾಲು ರಸ್ತೆಯಲ್ಲೇ ಕಳೆದರು, ಹೋಟೆಲ್ ರೂಮುಗಳಲ್ಲಿ ಒಂಟಿಯಾದರು. ವಿಮಾನ ಹತ್ತಲು ಭಯ ಶುರುವಾಯಿತು, ಅದಕ್ಕೆ ಡಾಕ್ಟರ್ ಕೊಟ್ಟ ಮಾತ್ರೆಗಳು, ಜೊತೆಗೆ ಕುಡಿತ. ಎರಡೂ ಸೇರಿ ಲಿವರ್ ಹಾಳಾಯಿತು. 1995ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಕೊನೆಯ ಕಛೇರಿ. ಲಂಡನ್ನಿನ ಆಸ್ಪತ್ರೆಯಲ್ಲಿ ಲಿವರ್ ಕಸಿ ಮಾಡಿದರು. ಚೇತರಿಸಿಕೊಳ್ಳುವ ಹೊತ್ತಿಗೆ ಸೋಂಕು ತಗುಲಿ ಜೂನ್ 14ರಂದು ತೀರಿಕೊಂಡರು. ಕಾರ್ಕ್ ಹತ್ತಿರದ ಬಾಲಿನ್‌ಕಾಲಿಗ್‌ನ ಸ್ಮಶಾನದಲ್ಲಿ ಮಣ್ಣು ಮಾಡಿದರು. ನಮ್ಮ ಊರುಗಳಲ್ಲಿ ನಲವತ್ತು ನಲವತ್ತೈದಕ್ಕೇ ಲಿವರ್ ಹೋದ ಅಪ್ಪಂದಿರ, ಚಿಕ್ಕಪ್ಪಂದಿರ ಮನೆಗಳಿಗೆ ನಾವು ಯುವಜನರೇ ಶವದ ಮುಂದೆ ಹಾಡಲು ಹೋಗುತ್ತೇವೆ. ಹಾಗಾಗಿ ಈ ಭಾಗವನ್ನು ಮುಚ್ಚಿಟ್ಟು ಬರೆಯಲು ನನಗೆ ಮನಸ್ಸಾಗಲಿಲ್ಲ. ಗಂಟೆಗಟ್ಟಲೆ ಬೇರೆಯವರಿಗೆ ಉತ್ಸಾಹ ಕೊಟ್ಟವರು ಇಳಿದು ಬಂದ ಮೇಲೆ ಅವರ ರೂಮಿನ ಬಾಗಿಲು ತಟ್ಟಲು ಯಾರಾದರೂ ಇರಬೇಕಿತ್ತು. ನಮ್ಮ ತಂಡದಲ್ಲೂ ಎಲ್ಲರನ್ನೂ ನಗಿಸುವವರನ್ನು ಯಾರು ವಿಚಾರಿಸುತ್ತಾರೆ?

ಅವರು ಬಿಟ್ಟುಹೋದದ್ದು ಏನು ಎಂದು ಕೇಳಿದರೆ ಈಗ ಜನ ಆ ಗಿಟಾರಿನ ಬೆಲೆ ಹೇಳುತ್ತಾರೆ. 2024ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಹರಾಜಾಗಿ 8,89,400 ಪೌಂಡಿಗೆ ಹೋಯಿತು, ನಮ್ಮ ಲೆಕ್ಕದಲ್ಲಿ 9 ಕೋಟಿ ರೂಪಾಯಿಗೂ ಮೇಲೆ. ಕೊಂಡ ಸಂಗೀತ ಕಂಪನಿಯವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಡುವುದಾಗಿ ಹೇಳಿದರು. ಸಂತೋಷ. ಹುಟ್ಟಿದ ಊರಾದ ಬಾಲಿಶಾನನ್‌ನಲ್ಲಿ 2010ರಿಂದ ಅವರ ಪ್ರತಿಮೆ ಇದೆ, ಪ್ರತಿ ವರ್ಷ ಅವರ ಹೆಸರಿನಲ್ಲಿ ಸಂಗೀತ ಉತ್ಸವ ನಡೆಯುತ್ತದೆ. ಕ್ವೀನ್ ತಂಡದ ಬ್ರಯಾನ್ ಮೇ ತನ್ನ ಗಿಟಾರಿನ ಧ್ವನಿಗೆ ರೋರಿಯೇ ಕಾರಣ ಎಂದು ಹೇಳಿಕೊಂಡಿದ್ದಾರೆ. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 2025ರ ಜನವರಿಯಲ್ಲಿ ಬೆಲ್‌ಫಾಸ್ಟ್‌ನಲ್ಲಿ ನಿಲ್ಲಿಸಿದ ಪ್ರತಿಮೆ. ಅಲ್ಸ್ಟರ್ ಹಾಲ್ ಪಕ್ಕದಲ್ಲೇ ಇದೆ. ಯಾವ ಗೋಡೆಯ ಮೇಲೆ ಯಾರ ಚಿತ್ರ, ಯಾವ ಬೀದಿಯಲ್ಲಿ ಯಾರ ಬಾವುಟ ಎಂದು ಇಂದಿಗೂ ಅಳೆದು ನೋಡುವ ಊರದು. ಆ ಊರಿನ ನಡುಮಧ್ಯೆ ದಕ್ಷಿಣದ ಒಬ್ಬ ಕಥೋಲಿಕನ ಪ್ರತಿಮೆ ನಿಂತಿದೆ. ನಮ್ಮ ಊರಿನವನಲ್ಲ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ, ಯಾಕೆಂದರೆ ಯಾರೂ ಬರದಿದ್ದಾಗ ಅವರು ಬಂದಿದ್ದರು.

"ಅದೆಲ್ಲ ಫಾರಿನ್ ಕಥೆ" ಅನ್ನುವವರಿಗೆ ನಮ್ಮದೇ ಹೊಸೂರು ರೋಡಿನ ಕಥೆ ಹೇಳುತ್ತೇನೆ. ಹೊಸೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಡೈರಿ ಸರ್ಕಲ್ ಹತ್ತಿರ ಕ್ರೈಸ್ಟ್ ಕಾಲೇಜು ಸಿಗುತ್ತದಲ್ಲ, ಈಗ ಯೂನಿವರ್ಸಿಟಿ, ಅಲ್ಲಿನ ವಿದ್ಯಾರ್ಥಿಗಳು 1996ರಲ್ಲಿ ಒಂದು ತಂಡ ಕಟ್ಟಿದರು. ಹೆಸರು ಥರ್ಮಲ್ ಅಂಡ್ ಎ ಕ್ವಾರ್ಟರ್. ಮೊದಲ ತಂಡದಲ್ಲಿ ಮೂವರು ಮಲಯಾಳಿಗಳು, ಇನ್ನೊಬ್ಬರು ಕಾಲು ಪಾಲು ಮಲಯಾಳಿ. 'ತ್ರೀ ಮಲ್ಸ್ ಅಂಡ್ ಎ ಕ್ವಾರ್ಟರ್' ಅನ್ನುವುದನ್ನೇ ತಿರುಚಿ ಆ ಹೆಸರು. ಯಾರ ಭಾಷೆ ಎಷ್ಟು ಪಾಲು ಎಂಬ ಲೆಕ್ಕವನ್ನು ಅವರು ಜಗಳ ಮಾಡಿಕೊಳ್ಳದೆ ನಗೆಯಾಗಿ ಮಾಡಿ ಬೋರ್ಡಿಗೇ ಹಾಕಿಕೊಂಡರು! ಗಿಟಾರ್ ಮತ್ತು ಹಾಡು ಬ್ರೂಸ್ ಲೀ ಮಣಿ ಅವರದು, ಡ್ರಮ್ಸ್ ರಾಜೀವ್ ರಾಜಗೋಪಾಲ್. ಬ್ಲೂಸ್, ರಾಕ್, ಜಾಝ್ ಬೆರೆಸಿ, ಬೆಂಗಳೂರಿನ ಬದುಕನ್ನೇ ಹಾಡಾಗಿಸಿದವರು. 2012ರಲ್ಲಿ ಬಂದ ಅವರ ಮೂರು ಸಿಡಿಗಳ ಆಲ್ಬಮ್ಮಿನ ಹೆಸರಿನಲ್ಲೇ ಆಟೋರಿಕ್ಷಾದ ಮೂರು ಚಕ್ರ ಇದೆ. ಸಿನಿಮಾ ಹಾಡಿನ ಬಲ ಇಲ್ಲದೆ, ಸ್ವಂತ ಹಾಡು ಹಿಡಿದುಕೊಂಡು ಇಷ್ಟು ವರ್ಷ ನಿಂತಿದ್ದಾರೆ, ಮಕ್ಕಳಿಗೆ ಕಲಿಸಲು ಸಂಗೀತ ಶಾಲೆಯನ್ನೂ ಮಾಡಿದ್ದಾರೆ. ಆ ಕಾಲೇಜಿನ ಗೇಟಿನ ಮುಂದೆ ನಮ್ಮಲ್ಲಿ ಎಷ್ಟು ಜನ ದಿನಾ ಹಾದು ಹೋಗುತ್ತೀರಿ, ಲೆಕ್ಕ ಹಾಕಿ.

ಈಗ ನಮ್ಮ ಗಾನವೃಂದ. ಎರಡು ಮಾಡೋಣ ಅನ್ನುವವರ ಮಾತಿನಲ್ಲಿ ನ್ಯಾಯ ಇಲ್ಲ ಎಂದು ನಾನು ಹೇಳುವುದಿಲ್ಲ. ಕನ್ನಡ ಹಾಡು ಕಡಿಮೆಯಾಗುತ್ತಾ ಬಂದಿದೆ, ನಿಜ. ನಮ್ಮ ಮಕ್ಕಳು ತಮಿಳು ಮೀಡಿಯಂ, ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಓದುತ್ತಾರೆ, ಮನೆಯಲ್ಲಿ ಕನ್ನಡ ಮಾತಾಡಿದರೂ ಕನ್ನಡ ಅಕ್ಷರ ಬಾರದು. ಕನ್ನಡ ಹಾಡನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡು ಹಾಡುವ ತಂಗಿಯರಿದ್ದಾರೆ. ಅಜ್ಜಿಯರಿಗೆ ಅವರ ಭಾಷೆಯಲ್ಲಿ ಒಂದು ಹಾಡು ಕೇಳಿಸಬೇಕು ಅನ್ನುವುದು ದೊಡ್ಡ ಆಸೆಯಲ್ಲ. ಅದನ್ನು ಕೇಳುವ ಹಕ್ಕು ನಮಗಿದೆ, ಕೇಳೋಣ. ಆದರೆ ಅದಕ್ಕೆ ದಾರಿ ಬೇರೆ ಗಾನವೃಂದವೇ? ಎರಡು ಮಾಡಿದರೆ ಕನ್ನಡದ ವೃಂದದಲ್ಲಿ ಏಳೆಂಟು ಜನ. ಅವರಲ್ಲಿ ಮೂವರಿಗೆ ನೈಟ್ ಶಿಫ್ಟ್. ಒಂದು ವರ್ಷ ನಡೆದೀತು, ಆಮೇಲೆ ನಿಲ್ಲುತ್ತದೆ, ಅದರ ಜೊತೆಗೆ ಕನ್ನಡ ಹಾಡೂ ನಿಲ್ಲುತ್ತದೆ. ತಮಿಳಿನ ಹುಡುಗರ ಬಾಯಿಯಲ್ಲಿ ಕನ್ನಡ ಹಾಡು ಬಂದರೆ ಅದು ಉಳಿಯುತ್ತದೆ. ನಾವು ತೆಲುಗಿನ ಮನೆಗಳಿಗಾಗಿ ಒಂದು ತೆಲುಗು ಹಾಡು ಕಲಿತರೆ ಅವರೂ ಕೂಡಿಕೊಳ್ಳುತ್ತಾರೆ, ಈಗ ಅವರು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತಾರೆ. ಪೆಂತೆಕೋಸ್ತ್ ದಿನ ಪ್ರತಿಯೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಕೇಳಿದರು ಎಂದು ನಾವು ಪ್ರತಿ ವರ್ಷ ವಾಚನ ಓದುತ್ತೇವೆ. ಅಲ್ಲಿ ಭಾಷೆಗೊಂದು ಕೊಠಡಿ ಇತ್ತು ಎಂದು ಎಲ್ಲೂ ಬರೆದಿಲ್ಲ.

ಆರ್ಕೆಸ್ಟ್ರಾ ವಿಷಯ ಹೇಳಿ ಮುಗಿಸುತ್ತೇನೆ. ಹೊರಗಿನಿಂದ ಕರೆಸಿದರೆ ಚೆನ್ನಾಗಿಯೇ ನುಡಿಸುತ್ತಾರೆ, ಅದು ಅವರ ವೃತ್ತಿ, ಅವರ ಮೇಲೆ ನನಗೆ ಗೌರವ ಇದೆ. ರೋರಿಯೂ ಷೋಬ್ಯಾಂಡಿನಲ್ಲಿ ದುಡಿದೇ ಕಂತು ಕಟ್ಟಿದ್ದು. ಆದರೆ ಒಂದು ಸಂಜೆಗೆ ಕೊಡುವ ದುಡ್ಡಿನಲ್ಲಿ ಎರಡು ಗಿಟಾರ್, ಒಂದು ಸಣ್ಣ ಆಂಪ್ ಬರುತ್ತವೆ, ಹೊಸೂರಿನಿಂದ ವಾರಕ್ಕೊಮ್ಮೆ ಬಂದು ಕಲಿಸುವವರಿಗೆ ಕೆಲವು ತಿಂಗಳ ಬಸ್ ಚಾರ್ಜು, ಸಂಭಾವನೆ ಕೂಡ. ಈಗ ಇರುವ ಗಿಟಾರಿಗೆ ತಂತಿ ಬದಲಾಯಿಸಿ ಎಷ್ಟು ದಿನವಾಯಿತು ಅಂತ ಗಾನವೃಂದದವರಿಗೇ ಗೊತ್ತು, ತುಕ್ಕು ಹಿಡಿದು ಬೆರಳು ಕಪ್ಪಾಗುತ್ತದೆ.

ನನ್ನ ಪ್ರಸ್ತಾಪ ಇಷ್ಟು. ಗಾನವೃಂದ ಒಂದೇ ಇರಲಿ. ಪ್ರತಿ ಭಾನುವಾರ ಎರಡು ಭಾಷೆಯ ಹಾಡೂ ಇರಲಿ, ಮತ್ತು ಕನ್ನಡ ಹಾಡನ್ನು ಶುರು ಮಾಡುವವರು ತಮಿಳಿನ ಮನೆಯವರಾಗಲಿ, ತಮಿಳು ಹಾಡನ್ನು ಶುರು ಮಾಡುವವರು ನಾವಾಗೋಣ. ಪದಗಳನ್ನು ಎರಡು ಲಿಪಿಯಲ್ಲೂ ಟೈಪ್ ಮಾಡಿ ಗ್ರೂಪಿಗೆ ಹಾಕುವ ಕೆಲಸ ನನ್ನದು. ಹಬ್ಬದ ದಿನ ಸಂಗೀತ ನಮ್ಮವರದೇ ಇರಲಿ, ಸ್ವಲ್ಪ ಅಪಶ್ರುತಿಯಾದರೂ ಸರಿ. ಫಾದರ್ ಅವರ ಹತ್ತಿರ ಮಾತಾಡಿದ್ದೇನೆ, ಮುಂದಿನ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ತೀರ್ಮಾನ ಮಾಡಿ ಎಂದಿದ್ದಾರೆ. ಮುನಿಸಿಕೊಂಡು ಬರದೆ ಇರುವವರ ಮನೆಗೆ ಈ ವಾರ ನಾನು ಮತ್ತು ಇನ್ನಿಬ್ಬರು ಹೋಗುತ್ತಿದ್ದೇವೆ. ಜೊತೆಗೆ ಬರುವವರು ಶುಕ್ರವಾರ ಸಂಜೆ ಆರೂವರೆಗೆ ದೇವಾಲಯದ ಗೇಟಿನ ಹತ್ತಿರ ಇರಿ. ಹೊಸೂರಿಗೆ ಕೆಲಸಕ್ಕೆ ಹೋಗುವವರು ಯಾರಾದರೂ ಬರುವಾಗ ಒಂದು ಸೆಟ್ ಗಿಟಾರ್ ತಂತಿ ತನ್ನಿ, ದುಡ್ಡು ಕೊಡುತ್ತೇನೆ.